ಹಾಲಸ್ವಾಮಿಯ ಕಣಿ

ಕರೇಕಲ್ಲು ಹಟ್ಟಿ, ತಾಳ್ಯ ಅಂಚೆ
4-9-1985

ತಮ್ಮ ಹಾಲಸ್ವಾಮಿಗೆ,

ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ, ಪಕ್ಕದ ಮನೆ ಓಬಣ್ಣನ ಹಾಯುವ ಟಗರೂ ಸೇರಿ. ನೀನು ನನಗೆ ಕಾಗದ ಬರೆದು ಎರಡು ತಿಂಗಳಾಯಿತು. ಬೈಯುವ ಹಾಗಿಲ್ಲ, ವಾರವಾರವೂ ಇಡೀ ಹಟ್ಟಿಗೆ ಅಚ್ಚು ಹಾಕಿಸಿಯೇ ಕಳಿಸುತ್ತಿದ್ದೀಯ. ಸೋಮವಾರ ಪೋಸ್ಟಿನ ಗೋವಿಂದಯ್ಯ ವಾರಪತ್ರಿಕೆ ತಂದ ಕೂಡಲೇ ಜನ ಗುಡಿಯ ಕಟ್ಟೆಯ ಹತ್ತಿರ ಸೇರುತ್ತಾರೆ, ನಾನು ನಿನ್ನ ಧಾರಾವಾಹಿ ಓದಿ ಹೇಳುತ್ತೇನೆ. ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ಇಲ್ಲದ ಗತ್ತು ಆಗ ನನಗೆ ಬರುತ್ತದಂತೆ. ನನ್ನ ಮಗಳು ಕಾಳಕ್ಕನೇ ಆಡಿಕೊಳ್ಳುತ್ತಾಳೆ.

ಹೋದ ಸೋಮವಾರ ಓದು ಶುರುವಾಗುವ ಮೊದಲು ಪೂಜಾರಿ ಬೋರಪ್ಪಜ್ಜ ಪತ್ರಿಕೆಯ ಮುಂದೆ ಒಂದು ತೆಂಗಿನಕಾಯಿ ಒಡೆದರು. ಇದೇನಜ್ಜ ಎಂದೆ. ನಿಮ್ಮ ತಾತ ಮೈದುಂಬಿ ಕಣಿ ಹೇಳುತ್ತಿದ್ದ ಕಟ್ಟೆ ಇದೇ, ಅವನು ಹೋದ ಮೇಲೆ ಇಪ್ಪತ್ತು ವರ್ಷ ಇಲ್ಲಿ ಕಣಿಯಾಗಿಲ್ಲ, ಈಗ ಮೊಮ್ಮಗ ಹೇಳುತ್ತಿದ್ದಾನೆ, ಬರಿಗೈಯಲ್ಲಿ ಕೇಳಬಾರದು ಎಂದರು. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ನಿನ್ನ ಕಥೆಯಲ್ಲಿ ಆಕಾಶದಲ್ಲಿ ತೇಲುವ ಆ ನೌಕೆಗೆ ಹಟ್ಟಿ ಎಂದೇ ಹೆಸರಿಟ್ಟೆಯಲ್ಲ, ನಿನಗೆ ಬೇರೆ ಹೆಸರು ಸಿಗಲಿಲ್ಲವೇ? ಸುತ್ತ ಲೋಹದ ಮುಳ್ಳುಬೇಲಿ. ಬೇಲಿಯಾಚೆ ಒಂದು ಗೂಡು. ಹೊರಗೆ ದೀಪ ರಿಪೇರಿಗೆ ಹೋದ ತಾರಿಣಿ ಅಲ್ಲೇ ಹೆತ್ತು, ತೊಂಬತ್ತು ದಿನ ತುಂಬುವ ತನಕ ಒಳಗೆ ಬರುವ ಹಾಗಿಲ್ಲದೆ ಆ ಗೂಡಿನ ಕಿಟಕಿಗೆ ಅಂಗೈ ಒತ್ತಿ ನಿಲ್ಲುತ್ತಾಳೆ. ಇದು ನಮ್ಮ ಬಾಣಂತಿ ಗುಡ್ಲೇ ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಆ ಕೈಗೆ ಏನರ್ಥ? ಬಿಡಿಸಿ ಬರೆ.

ಈಗ ನಿಜವಾದ ಸುದ್ದಿ. ಕಾಳಕ್ಕನಿಗೆ ಏಳು ತಿಂಗಳು ತುಂಬಿತು. ನರ್ಸ್ ಓಬಮ್ಮ ಮತ್ತು ನಾನು ಎರಡು ವರ್ಷ ಬೆನ್ನು ಹತ್ತಿದ್ದಕ್ಕೆ ಬೋರಪ್ಪಜ್ಜ ಕೊನೆಗೂ ಒಪ್ಪಿದ್ದಾರೆ. ಹೆರಿಗೆ ಹೊಳಲ್ಕೆರೆ ಆಸ್ಪತ್ರೆಯಲ್ಲಿ, ಅಲ್ಲಿಂದ ಮಗು ಎತ್ತಿಕೊಂಡು ನೇರ ಮನೆಗೆ. ಹಟ್ಟಿಯಾಚೆ ಗುಡ್ಲಿನಲ್ಲಿ ತೊಂಬತ್ತು ದಿನ ಕೂರುವುದಿಲ್ಲ. ನಮ್ಮ ಹಟ್ಟಿಯಲ್ಲಿ ಇದೇ ಮೊದಲು. ನಾನು ಇಬ್ಬರನ್ನು ಅದೇ ಗುಡ್ಲಿನಲ್ಲಿ ಕಳೆದುಕೊಂಡು ಇವಳೊಬ್ಬಳನ್ನು ಉಳಿಸಿಕೊಂಡವಳು. ನನಗೆ ಎಷ್ಟು ಸಂತೋಷವಾಗಿದೆ ಎಂದು ಬರೆಯಲು ಬರುವುದಿಲ್ಲ.

ನಿನ್ನ ಅಕ್ಕ,
ಪಾಲಮ್ಮ

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ
14-9-1985

ಪ್ರೀತಿಯ ಅಕ್ಕ,

ತೆಂಗಿನಕಾಯಿಯ ವಿಷಯ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕೆ. ಪಕ್ಕದಲ್ಲಿದ್ದ ಕೆಮಿಸ್ಟ್ರಿ ಮೇಷ್ಟ್ರು ನನ್ನನ್ನು ವಿಚಿತ್ರವಾಗಿ ನೋಡಿದರು. ಬೋರಪ್ಪಜ್ಜನಿಗೆ ಹೇಳು, ಮುಂದಿನ ಸಲ ಕಾಯಿಯ ಒಂದು ಹೋಳು ನನಗೂ ಇಡಲಿ.

ನೀನು ಕೇಳಿದ ಪ್ರಶ್ನೆಯನ್ನೇ ಬೆಂಗಳೂರಿನ ಒಬ್ಬ ವಿಮರ್ಶಕರೂ ಕೇಳಿದ್ದಾರೆ. ವೈಜ್ಞಾನಿಕ ಕಾದಂಬರಿ ಎಂದರೆ ಬರೀ ಯಂತ್ರ, ರಾಕೆಟ್ಟು ಎಂದು ಜನ ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಸಂಕೇತಗಳ ಕೆಲಸ. ನೌಕೆ ಎಂದರೆ ಭಯ ಬಿದ್ದ ಸಮಾಜ. ಬೇಲಿ ಎಂದರೆ ಆ ಭಯ. ಗೂಡು ಎಂದರೆ ಗರ್ಭ, ಮನುಷ್ಯ ಶುದ್ಧನಾಗಿ ಮತ್ತೆ ಹುಟ್ಟುವ ಜಾಗ. ಕಿಟಕಿಯ ಕೈ ಮನುಷ್ಯನ ಹಂಬಲ. ಇದಕ್ಕೆಲ್ಲ ನಾನು ಯಾರದೋ ಪುಸ್ತಕ ತಿರುವಿಹಾಕಲಿಲ್ಲ. ಅವ್ವ ನಿನ್ನನ್ನು ಹೆತ್ತದ್ದು, ನನ್ನನ್ನು ಹೆತ್ತದ್ದು ಅದೇ ಗುಡ್ಲಿನಲ್ಲಲ್ಲವೇ? ಸೋಗೆಯ ಸಂದಿನಿಂದ ಬರುತ್ತಿದ್ದ ಬಿಸಿಲಿನ ಗೆರೆಯನ್ನು ಅವ್ವ ವರ್ಣಿಸುತ್ತಿದ್ದಳು. ಅದನ್ನೇ ಬೆಳಕಿನ ಸ್ನಾನ ಎಂದು ಬರೆದಿದ್ದೇನೆ. ಗುಡ್ಲು ಇಷ್ಟು ಚೆಂದ ಕಾಣುವುದು ಸಾಧ್ಯ ಎಂದು ನನಗೇ ಗೊತ್ತಿರಲಿಲ್ಲ.

ಒಂಬತ್ತನೆಯ ಅಧ್ಯಾಯ ಬಂದಾಗ ಎದೆ ಗಟ್ಟಿ ಮಾಡಿಕೊಂಡು ಓದು. ನೌಕೆಯ ನಾಯಕ ಕನಿಕರಪಟ್ಟು ತಾರಿಣಿಯನ್ನು ಮೂವತ್ತನೆಯ ದಿನಕ್ಕೇ ಒಳಗೆ ಕರೆದುಕೊಳ್ಳುತ್ತಾನೆ. ಮೊದಲು ನೌಕೆಯ ಕುರಿಗಳು ಸಾಯುತ್ತವೆ. ಆಮೇಲೆ ದೀಪಗಳು ಒಂದೊಂದಾಗಿ ಆರುತ್ತವೆ. ಸಂಪಾದಕರು ಓದಿ ಮೈ ಜುಮ್ಮೆಂದಿತು ಎಂದು ಬರೆದಿದ್ದಾರೆ.

ಕಾಳಕ್ಕನ ವಿಷಯ ಕೇಳಿ ಬಹಳ ಖುಷಿಯಾಯಿತು. ತೊಟ್ಟಿಲು ಸೋದರಮಾವನ ಕಡೆಯಿಂದ.

ನಿನ್ನ ತಮ್ಮ,
ಹಾಲಸ್ವಾಮಿ

ಕರೇಕಲ್ಲು ಹಟ್ಟಿ
9-10-1985

ತಮ್ಮಾ,

ಒಂಬತ್ತನೆಯ ಅಧ್ಯಾಯವನ್ನು ನಾನೇ ಓದಿದೆ. ನೀನು ಮೊದಲೇ ಬರೆದು ತಿಳಿಸಿದ್ದೆ. ಆದರೂ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ, ತಮ್ಮನ ಕಥೆ ಎನ್ನುವ ಜಂಬದಲ್ಲಿ ಜೋರಾಗಿ ಓದುತ್ತಾ ಹೋದೆ. ಕುರಿ ಸಾಯುವ ಜಾಗಕ್ಕೆ ಬಂದಾಗ ತಲೆ ಎತ್ತಿ ನೋಡಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಕಾಳಕ್ಕನ ಹೊಟ್ಟೆಯನ್ನು ನೋಡುತ್ತಿದ್ದರು.

ಗುರುವಾರ ಓಬಣ್ಣನ ಮಂದೆಯಲ್ಲಿ ಎರಡು ಕುರಿ ಬಾಯಲ್ಲಿ ನೊರೆ ಸುರಿಸಿಕೊಂಡು ನಿಂತವು. ನಾಲಿಗೆ ನೀಲಿಗಟ್ಟಿತ್ತು. ಭಾನುವಾರದ ಹೊತ್ತಿಗೆ ಹನ್ನೊಂದು ಸತ್ತಿದ್ದವು. ಬೋರಪ್ಪಜ್ಜ ಮಾತು ವಾಪಸ್ ತೆಗೆದುಕೊಂಡರು. ಒಳಗೆ ಕರೆದುಕೊಳ್ಳುತ್ತೇವೆ ಎಂದು ಬಾಯಲ್ಲಿ ಆಡಿದ್ದಕ್ಕೇ ಹೀಗಾಯಿತು, ನಿಜವಾಗಿ ಕರೆದುಕೊಂಡರೆ ಏನಾದೀತು ಎನ್ನುತ್ತಾರೆ. ಆಸ್ಪತ್ರೆಯೂ ಇಲ್ಲ, ಮನೆಯೂ ಇಲ್ಲ, ಗುಡ್ಲೇ ಗತಿ.

ಅದು ಕಣಿಯಲ್ಲ, ಸಂಕೇತ ಎಂದು ನೀನು ಬರೆದದ್ದನ್ನೆಲ್ಲ ಹೇಳಿದೆ. ಸಂಕೇತ ಎಂದರೇನು ಎಂದು ಕೇಳಿದರು. ಒಂದನ್ನು ತೋರಿಸಿ ಇನ್ನೊಂದನ್ನು ಹೇಳುವುದು ಎಂದೆ. ಬೋರಪ್ಪಜ್ಜ ಸಿಟ್ಟಾಗಲಿಲ್ಲ. ಮೆಲ್ಲಗೆ, "ಕಣಿನೂ ಅಂಗೇ ಅಲ್ವೇನವ್ವ? ನಿಮ್ ತಾತ ಹಾವು ಅಂದ್ರೆ ಅದು ಹಾವಲ್ಲ, ನೀರು ಅಂದ್ರೆ ನೀರಲ್ಲ. ಒಂದ್ ತೋರ್ಸಿ ಇನ್ನೊಂದ್ ಹೇಳ್ತಿದ್ದ" ಎಂದರು.

ನಿನ್ನ ಕಾಲು ಹಿಡಿದು ಕೇಳುತ್ತೇನೆ. ಮುಂದಿನ ಅಧ್ಯಾಯದಲ್ಲಿ ತಿರುಗಿಸಿ ಬರೆ. ಕುರಿ ಸತ್ತದ್ದು ಬೇರೆ ಏನೋ ರೋಗದಿಂದ, ತಾರಿಣಿ ಒಳಗೆ ಬಂದದ್ದರಿಂದ ನೌಕೆ ಉಳಿಯಿತು ಎಂದು ಬರೆದುಬಿಡು. ನಿನಗೆ ಅರ್ಧ ದಿನದ ಕೆಲಸ.

ಪಾಲಮ್ಮ

ಚಿತ್ರದುರ್ಗ
18-10-1985

ಅಕ್ಕ,

ಕುರಿಗಳಿಗೆ ಬಂದಿರುವುದು ನೀಲಿ ನಾಲಿಗೆ ರೋಗ. ನುಸಿಯಂಥ ಹುಳು ಕಚ್ಚಿ ಹರಡುತ್ತದೆ. ತಾಲ್ಲೂಕಿನಲ್ಲೆಲ್ಲ ಇದೆ. ದನದ ಡಾಕ್ಟರಿಗೆ ಹೇಳಿ ಕಳಿಸು, ಓಬಣ್ಣನಿಗೂ ಬಿಡಿಸಿ ಹೇಳು. ಎಂಬತ್ತೈದನೇ ಇಸವಿಯಲ್ಲೂ ಜನ ಹೀಗೆ ಎಂದರೆ ನನಗೆ ಬೇಸರವಾಗುತ್ತದೆ.

ಕಥೆ ಬದಲಿಸುವುದು ನೀನು ತಿಳಿದಷ್ಟು ಸುಲಭವಲ್ಲ. ಹತ್ತೊಂಬತ್ತು ಅಧ್ಯಾಯ ಈಗಾಗಲೇ ಪ್ರೆಸ್ಸಿನಲ್ಲಿವೆ. ಕೊನೆಯದೊಂದೇ ನನ್ನ ಕೈಯಲ್ಲಿರುವುದು. ಇರಲಿ, ಸಾಧ್ಯವಿದ್ದರೂ ಬದಲಿಸುತ್ತಿದ್ದೆನೋ ಇಲ್ಲವೋ. ಗೂಡು, ಕೈ, ಆರುವ ದೀಪ, ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಎಳೆ ಕಿತ್ತರೆ ಕಂಬಳಿಯೇ ಬಿಚ್ಚಿಹೋಗುತ್ತದೆ. ಸಂಕೇತವನ್ನು ಸಂಕೇತವಾಗಿ ಓದಲು ಜನರಿಗೆ ಕಲಿಸಬೇಕೇ ಹೊರತು, ಅವರು ತಪ್ಪು ತಿಳಿಯುತ್ತಾರೆಂದು ಬರೆಯುವವನು ಕೈ ಕಟ್ಟಿಕೊಳ್ಳಬಾರದು. ಇದನ್ನು ಕೋಪದಿಂದ ಬರೆದಿಲ್ಲ, ಅಕ್ಕ. ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ದೀಪಾವಳಿಗೆ ಬಂದು ನಾನೇ ಮಾತಾಡುತ್ತೇನೆ.

ಹಾಲಸ್ವಾಮಿ

ಮೈಸೂರು
17-11-1985

ಪೂಜ್ಯ ಬೋರಪ್ಪಜ್ಜನವರಿಗೆ ಹಾಲಸ್ವಾಮಿಯ ನಮಸ್ಕಾರಗಳು.

ಅಧ್ಯಾಪಕರ ತರಬೇತಿಗೆಂದು ಆರು ವಾರ ಮೈಸೂರಿಗೆ ಕಳಿಸಿದ್ದಾರೆ. ಹಾಗಾಗಿ ಹಬ್ಬಕ್ಕೆ ಬರಲಾಗಲಿಲ್ಲ. ಅಕ್ಕನೂ ನನ್ನ ಮೇಲೆ ಮುನಿಸಿಕೊಂಡಿರಬೇಕು, ಒಂದು ತಿಂಗಳಿಂದ ಕಾಗದವಿಲ್ಲ. ಅವಳನ್ನು ನಡುವೆ ತರದೆ ತಮಗೇ ಬರೆಯುವುದು ಸರಿ ಎನಿಸಿತು. ಗೋವಿಂದಯ್ಯನವರಿಂದ ಓದಿಸಿಕೊಳ್ಳಬೇಕು.

ನಾನು ಬರೆಯುತ್ತಿರುವುದು ಕಥೆ. ಅದರಲ್ಲಿರುವ ಗೂಡು ನಮ್ಮ ಗುಡ್ಲಲ್ಲ. ತಮಗೆ ತಿಳಿಯಲಿ ಎಂದು ಈ ವಾರದ ಹದಿನಾರನೇ ಅಧ್ಯಾಯವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ತಾರಿಣಿಯನ್ನು ಮತ್ತೆ ಗೂಡಿಗೆ ಹಾಕಿರುತ್ತಾರೆ. ಅವಳು ಕಿಟಕಿಗೆ ಕೈ ಒತ್ತುತ್ತಾಳೆ, ನಾಯಕ ನೋಡಿಯೂ ನೋಡದವನಂತೆ ಹೋಗುತ್ತಾನೆ. ನೌಕೆಯಲ್ಲಿ ಏಳು ದೀಪ ಮಾತ್ರ ಉಳಿದಿರುತ್ತವೆ. ಇಲ್ಲಿ ದೀಪ ಎಂದರೆ ದೀಪವಲ್ಲ, ಮನುಷ್ಯನ ಧೈರ್ಯ. ಹೀಗೆ ಪ್ರತಿಯೊಂದಕ್ಕೂ ಒಳಗೊಂದು ಅರ್ಥವಿದೆ. ಇದನ್ನು ಕಣಿಯೆಂದು ತಿಳಿಯದೆ ಕಾಳಕ್ಕನನ್ನೂ ಮಗುವನ್ನೂ ಮನೆಗೆ ಕರೆದುಕೊಳ್ಳಬೇಕೆಂದು ಬೇಡುತ್ತೇನೆ.

ತಮ್ಮ ಮೊಮ್ಮಗನಂಥ,
ಹಾಲಸ್ವಾಮಿ

ಕರೇಕಲ್ಲು ಹಟ್ಟಿ
19-11-1985

ತಮ್ಮಾ,

ಮುನಿಸಿನಿಂದ ಇಷ್ಟು ದಿನ ಬರೆಯಲಿಲ್ಲ. ಮೈಸೂರಿನ ವಿಳಾಸವನ್ನು ನಿನ್ನ ಕಾಲೇಜಿನಿಂದ ತರಿಸಿಕೊಂಡೆ. ಮೂರನೇ ತಾರೀಕು ಕಾಳಕ್ಕನಿಗೆ ಹೆಣ್ಣುಮಗು ಆಯಿತು. ಗುಡ್ಲಿನಲ್ಲೇ.

ನೀನು ಆ ಗುಡ್ಲನ್ನು ನೋಡಿ ಎಷ್ಟು ವರ್ಷವಾಯಿತು? ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಬಾಗಿಲಿಲ್ಲ, ಒಂದು ಗೋಣಿತಾಟು ಇಳಿಬಿಟ್ಟಿದೆ. ಸೋಗೆಯ ಸಂದಿನಿಂದ ಬಿಸಿಲಿನ ಗೆರೆ ಬರುತ್ತದೆ ನಿಜ. ಅದೇ ಸಂದಿನಿಂದ ಗಾಳಿಯೂ ಬರುತ್ತದೆ, ಅದನ್ನು ಅವ್ವ ನಿನಗೆ ಹೇಳಿರಲಿಲ್ಲ. ಊಟ ಕಲ್ಲಿನ ಮೇಲಿಟ್ಟು ಬರಬೇಕು. ನಿನ್ನ ಭಾವ, ಅಳಿಯ ನಾಗಣ್ಣ ಇಬ್ಬರೂ ಹಟ್ಟಿಯಲ್ಲಿ ಉಳಿದ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆಬಯಲಿಗೆ ಹೋಗಿದ್ದಾರೆ. ಮಗುವಿಗೆ ಹೋದ ವಾರದಿಂದ ಕೆಮ್ಮು.

ನಿನ್ನೆ ನಾನೊಂದು ಕೆಲಸ ಮಾಡಿದೆ. ಪತ್ರಿಕೆಯನ್ನು ಕಣ್ಣ ಮುಂದೆ ಹಿಡಿದುಕೊಂಡು ಅದರಲ್ಲಿ ಇಲ್ಲದ್ದನ್ನು ಓದಿದೆ. ನಾಯಕ ಗೂಡಿನ ಬಾಗಿಲು ತೆಗೆದ, ತಾರಿಣಿ ಮಗು ಎತ್ತಿಕೊಂಡು ಒಳಗೆ ಕಾಲಿಟ್ಟಳು, ಆರಿದ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು ಎಂದು. ಬೋರಪ್ಪಜ್ಜ ಆ ಜಾಗವನ್ನು ಮೂರು ಸಲ ಓದಿಸಿದರು. ಮೂರು ಸಲವೂ ಒಂದೇ ಮಾತು ಬರುವಂತೆ ಹೇಳಿದೆ. ಆಮೇಲೆ ಅವರು, "ಕಣಿ ತಿರುಗ್ತು. ಬರೋ ಸ್ವಾಮಾರ ಪೂಜೆ ಮಾಡಿ ಮಗೀನ ಒಳಿಕ್ ಕರ್ಕಳಾಣ" ಎಂದರು. ಒಳಗೆ ಬಂದ ದಿನವೇ ಹೆಸರಿಡುವುದು ನಮ್ಮಲ್ಲಿ. ನಮ್ಮ ಅವ್ವನ ಹೆಸರು ಇಡೋಣ ಎಂದು ಕಾಳಕ್ಕ ಹೇಳುತ್ತಾಳೆ.

ಸುಳ್ಳು ಓದಿದ್ದಕ್ಕೆ ದೇವರು ನನ್ನನ್ನು ಕೇಳಲಿ, ಮಗುವನ್ನು ಬಿಡಲಿ. ನಿನ್ನಿಂದ ಬೇಕಾದದ್ದು ಇಷ್ಟೇ. ಇನ್ನು ಒಂದು ವಾರ ನೀನು ಬಾಯಿ ಮುಚ್ಚಿಕೊಂಡಿರಬೇಕು. ಇಲ್ಲಿ ಯಾರಿಗೂ ಏನೂ ಬರೆಯಬೇಡ.

ಪಾಲಮ್ಮ

ಮೈಸೂರು
23-11-1985

ಅಕ್ಕ,

ನಿನ್ನ ಕಾಗದ ಈಗ ಕೈ ಸೇರಿತು. ನಾನು ಹೋದ ಸೋಮವಾರವೇ ಬೋರಪ್ಪಜ್ಜನಿಗೆ ಕಾಗದ ಹಾಕಿದ್ದೇನೆ. ಹದಿನಾರನೇ ಅಧ್ಯಾಯದಲ್ಲಿ ಏನಿದೆಯೆಂದು ಅದರಲ್ಲಿ ಪೂರ್ತಿ ಬರೆದಿದ್ದೇನೆ. ಹೇಗಾದರೂ ಗೋವಿಂದಯ್ಯನನ್ನು ತಾಳ್ಯದಲ್ಲೇ ತಡೆದು ಅದನ್ನು ಇಸಿದುಕೋ. ಟೆಲಿಗ್ರಾಮ್ ಕೂಡ ಕೊಡುತ್ತಿದ್ದೇನೆ.

ಹಾಲಸ್ವಾಮಿ

ಕರೇಕಲ್ಲು ಹಟ್ಟಿ
28-11-1985

ಹಾಲಸ್ವಾಮಿ,

ಗೋವಿಂದಯ್ಯ ನಮ್ಮ ಹಟ್ಟಿಗೆ ಬರುವುದು ಸೋಮವಾರ ಮತ್ತು ಗುರುವಾರ ಮಾತ್ರ ಎಂದು ನಿನಗೆ ಗೊತ್ತು. ನೀನು ಅಜ್ಜನಿಗೆ ಬರೆದ ಕಾಗದ, ನನಗೆ ಕೊಟ್ಟ ಟೆಲಿಗ್ರಾಮ್, ಆ ವಾರದ ಪತ್ರಿಕೆ, ಮೂರನ್ನೂ ಸೋಮವಾರ ಒಂದೇ ಚೀಲದಲ್ಲಿ ತಂದ.

ಪೂಜೆ ಮುಗಿದಿತ್ತು. ಕಾಳಕ್ಕ ತಲೆಗೆ ನೀರು ಹಾಕಿಕೊಂಡು, ಮಗುವಿಗೆ ಕುಲಾವಿ ಕಟ್ಟಿ, ಬೇಲಿಯ ದಾರಿಗೆ ಅಡ್ಡ ಹಾಕುವ ಉಣುಗೋಲಿನ ಆಚೆ ನಿಂತಿದ್ದಳು. ಒಂದು ಹೆಜ್ಜೆ ಒಳಗಿಡುವುದಿತ್ತು. ಗೋವಿಂದಯ್ಯ ಒಳ್ಳೆಯ ಕೆಲಸದ ಹೊತ್ತಿಗೆ ಸೋದರಮಾವನ ಕಾಗದ ಬಂತು ಎಂದು ಖುಷಿಯಿಂದ ಗಟ್ಟಿಯಾಗಿ ಓದಿದ. ನಿನ್ನ ಬರವಣಿಗೆ ಯಾವಾಗಲೂ ಸ್ಪಷ್ಟ. ಏಳು ದೀಪ ಉಳಿದದ್ದೂ, ನಾಯಕ ನೋಡದೆ ಹೋದದ್ದೂ ಎಲ್ಲರಿಗೂ ಅರ್ಥವಾಯಿತು. ಬೋರಪ್ಪಜ್ಜ ನನ್ನನ್ನು ಬೈಯಲಿಲ್ಲ. ಹಳೆಯ ಪತ್ರಿಕೆ ತರಿಸಿ ಗೋವಿಂದಯ್ಯನ ಕೈಗೆ ಕೊಟ್ಟು ಹದಿನಾರನೆಯದನ್ನು ಓದಿಸಿದರು. ಇನ್ನು ಮೇಲೆ ಅವನೇ ಓದುತ್ತಾನಂತೆ.

ಕಾಳಕ್ಕನನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ. ಎಲ್ಲ ಕೇಳಿಸಿಕೊಂಡು ತಾನಾಗಿಯೇ ತಿರುಗಿ ಗುಡ್ಲಿಗೆ ಹೋದಳು. ಮಾರನೇ ಬೆಳಿಗ್ಗೆ ಮೈಲಿಗೆ ಗೀಲಿಗೆ ಒಂದೂ ನೋಡದೆ ನಾನು ಒಳಗೆ ಹೋಗಿ, ನಡಿ, ಆಸ್ಪತ್ರೆಗೆ ಹೋಗೋಣ ಎಂದು ಮಗುವನ್ನು ಎತ್ತಿಕೊಂಡೆ. ಕೈಯಿಂದ ಕಿತ್ತುಕೊಂಡಳು. "ತೊಂಬತ್ತು ದಿನ ತುಂಬಾಗಂಟ ನಾನು ಕದಲಾಕಿಲ್ಲ ಕಣವ್ವ. ಕುರಿ ಹೋದ್ವು. ಈಗ ಕದಲಿದ್ರೆ ಇನ್ನು ಅಪ್ಪ, ನೀನು, ಅವ್ರು. ಮಾವ ಸುಳ್ಳು ಬರೀತಾನಾ?" ಎಂದಳು.

ಮಾವನ ಮಾತು ಅವಳಿಗೆ ದೇವರ ಮಾತು, ನೀನೇ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಓಬಮ್ಮ ಕೊಟ್ಟ ಔಷಧಿ ಕಲ್ಲಿನ ಮೇಲೆ ಹಾಗೇ ಇದೆ. ಮಗು ಈಗ ಮೊದಲಿನಷ್ಟು ಅಳುತ್ತಿಲ್ಲ. ಕೊನೆಯ ಅಧ್ಯಾಯ ನಿನ್ನ ಕೈಯಲ್ಲಿದೆ ಎಂದಿದ್ದೆ. ಅದನ್ನು ಬರೆ. ಇಲ್ಲದಿದ್ದರೆ ನೀನೇ ಎದ್ದು ಬಾ.

ಪಾಲಮ್ಮ

ಮೈಸೂರು
2-12-1985

ಅಕ್ಕ,

ಕಾಗದ ಬಂದ ಕೂಡಲೇ ಬರೆದೆ. ಸಂಪಾದಕರಿಗೂ ಒಂದು ಪ್ರತಿ ಕಳಿಸಿದ್ದೇನೆ, ಹದಿನಾರನೇ ತಾರೀಕಿನ ಸಂಚಿಕೆಯಲ್ಲಿ ಬರುತ್ತದೆ. ಅಲ್ಲಿಯ ತನಕ ಕಾಯಬೇಡ. ಅಧ್ಯಾಯವನ್ನು ಪೂರ್ತಿ ನಕಲು ಮಾಡಿ ಇದರ ಜೊತೆಗಿಟ್ಟಿದ್ದೇನೆ. ಕಾಳಕ್ಕನಿಗೆ ಓದಿ ಹೇಳು. ಮುಖ್ಯವಾದ ಜಾಗ ಇದು:

"ನಾಯಕ ಗೂಡಿನ ಬಾಗಿಲನ್ನು ತಾನೇ ತೆರೆದ. ಕುರಿಗಳನ್ನು ಕೊಂದದ್ದು ತಾರಿಣಿಯಲ್ಲ, ನೌಕೆಯ ಕೊಳೆತ ನೀರು ಎಂದು ಅವನಿಗೆ ತಿಳಿದು ಬಹಳ ದಿನವಾಗಿತ್ತು. ಹೇಳಲು ಧೈರ್ಯವಿರಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. ಮೊದಲ ದೀಪ ಹೊತ್ತಿಕೊಂಡಿತು."

ನೀನು ಆವತ್ತು ಓದಿದ್ದಕ್ಕಿಂತ ಇದು ಬಹಳ ಬೇರೆಯಾಗಿಲ್ಲ. ಅಕ್ಟೋಬರಿನಲ್ಲೇ ಬರೆಯಬಹುದಿತ್ತು. ನಾನು ಬರೆಯಲಿಲ್ಲ, ಚೆಂದ ಕೆಡುತ್ತದೆಂದು.

ತರಬೇತಿಯವರು ಹದಿನೈದರ ತನಕ ರಜೆ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಮುಗಿದ ದಿನವೇ ಬಸ್ಸು ಹತ್ತುತ್ತೇನೆ.

ಹಾಲಸ್ವಾಮಿ

ಕರೇಕಲ್ಲು ಹಟ್ಟಿ
18-12-1985

ಹಾಲಸ್ವಾಮಿ,

ನೀನು ಹದಿನೈದಕ್ಕೂ ಬರಲಿಲ್ಲ. ಬರಬೇಡ ಎಂದು ನಾನೇ ಹೇಳಿ ಕಳಿಸುವವಳಿದ್ದೆ. ನಡೆದದ್ದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡ.

ನಿನ್ನ ಕಾಗದ ಐದನೇ ತಾರೀಕು ಗುರುವಾರ ಬಂತು. ಗೋವಿಂದಯ್ಯ ಕೊಟ್ಟು ಮುಂದಿನ ಹಟ್ಟಿಗೆ ಹೋದ. ನಾನು ಗುಡ್ಲಿನ ಮುಂದೆ ಕೂತು ಕೊನೆಯ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಕಾಳಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. ಎಲ್ಲ ಮುಗಿದ ಮೇಲೆ, "ಇದು ಮಾವ ಬರ್ದಿದ್ದಾ, ಇಲ್ಲ ನೀನು ಹೇಳ್ತಿರಾದಾ?" ಎಂದಳು.

ಮಾವ ಬರೆದದ್ದು ಎಂದೆ. ಅಕ್ಷರ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಊರಿನ ಮಕ್ಕಳಿಗೆಲ್ಲ ಕಲಿಸಿದೆ, ಕುರಿ ಕಾಯಲು ಆಳು ಕಡಿಮೆಯೆಂದು ಇವಳನ್ನು ಶಾಲೆ ಬಿಡಿಸಿದ್ದೂ ನಾನೇ. ಆಣೆ ಇಟ್ಟೆ. ಆವತ್ತೂ ಹೀಗೇ ಮೂರು ಸಲ ಓದಿದೆಯಂತಲ್ಲವ್ವ ಎಂದಳು.

ಶುಕ್ರವಾರ ಬೆಳಿಗ್ಗೆಯೇ ತಾಳ್ಯಕ್ಕೆ ನಡೆದೆ. ಗೋವಿಂದಯ್ಯ ಹೊಳಲ್ಕೆರೆಗೆ ಹೋಗಿದ್ದ. ಸಂಜೆಯವರೆಗೂ ಪೋಸ್ಟಾಫೀಸಿನ ಜಗಲಿಯಲ್ಲಿ ಕಾದು, ಅವನ ಹೆಂಡತಿಗೆ ಹೇಳಿ ಬಂದೆ. ಪಾಪ, ಶನಿವಾರ ಹೊತ್ತು ಮೂಡುವಾಗಲೇ ಸೈಕಲ್ ತುಳಿದುಕೊಂಡು ಬಂದ. ಅದೇ ಕಾಗದ, ಅದೇ ಮಾತು. ಅವನ ಬಾಯಿಂದ ಬಂದಾಗ ನಂಬಿದಳು. ಪೂರ್ತಿ ಕೇಳಲೂ ಇಲ್ಲ, ಮೊದಲ ದೀಪ ಹೊತ್ತಿದ ಕೂಡಲೇ ಕಂಬಳಿಯಲ್ಲಿ ಸುತ್ತಿದ ಮಗುವನ್ನು ಎದೆಗವಚಿಕೊಂಡು ಎದ್ದಳು. ಬೋರಪ್ಪಜ್ಜ ಬಂದು ಅಡ್ಡ ನಿಲ್ಲಲಿಲ್ಲ. ಅವಳು ಉಣುಗೋಲು ದಾಟಿ ಒಳಗೆ ಬಂದು, "ತಗಳವ್ವ, ಈಗ ಆಸ್ಪತ್ರಿಗೆ ಹೋಗಾಣ" ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಕಂಬಳಿ ಸರಿಸಿದೆ. ಮಗು ತಣ್ಣಗಾಗಿತ್ತು. ಬೆಳಗಿನ ಜಾವದಿಂದ ಅತ್ತಿರಲಿಲ್ಲವಂತೆ, ನಿದ್ದೆ ಎಂದುಕೊಂಡಿದ್ದಳಂತೆ.

ಮೊನ್ನೆ ಸೋಮವಾರ ಪತ್ರಿಕೆ ಬಂತು. ಗೋವಿಂದಯ್ಯ ಅಳುತ್ತಾ ಓದಿದ. ಬೋರಪ್ಪಜ್ಜ ಕಾಯಿ ಒಡೆದು, ಕಣಿ ಆಯಿತು, ಇನ್ನು ಈ ಹಟ್ಟಿಯಲ್ಲಿ ಗುಡ್ಲು ಬೇಡ ಎಂದರು. ನಿನ್ನೆ ಗಂಡಸರು ಸೇರಿ ಸೋಗೆ ಕಿತ್ತು ಸುಟ್ಟರು. ನಾನೂ ಓಬಮ್ಮನೂ ಎರಡು ವರ್ಷ ಬೇಡಿಕೊಂಡದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಮಲ್ಲಕ್ಕನ ಸೊಸೆಗೆ ಈಗ ಐದು ತಿಂಗಳು, ಅವಳಾದರೂ ಮನೆಯಲ್ಲಿ ಹೆರುತ್ತಾಳೆ. ಹಾಲಸ್ವಾಮಿಯ ಮುಂದಿನ ಕಣಿ ಯಾವಾಗ ಎಂದು ಹಟ್ಟಿಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಹೊಸದುರ್ಗದ ಕಡೆಯ ಇನ್ನೆರಡು ಹಟ್ಟಿಯವರೂ ಪತ್ರಿಕೆ ತರಿಸುತ್ತಾರಂತೆ. ನನಗೆ ಭಯವಾಗುತ್ತಿದೆ. ಇನ್ನು ಏನೇ ಬರೆದರೂ ಮೊದಲು ನನಗೆ ಕಳಿಸು.

ನಿನ್ನ ವಿಮರ್ಶಕರು ಮತ್ತೆ ಕೇಳಿಯೇ ಕೇಳುತ್ತಾರೆ, ಕೊನೆಗೆ ಒಳಗೆ ಬಂದ ಆ ಮಗು ಯಾವುದರ ಸಂಕೇತ ಎಂದು. ಯಾವುದರದೂ ಅಲ್ಲ ಎಂದು ಬರೆ. ಅದು ಕಾಳಕ್ಕನ ಮಗಳು, ಮೂವತ್ತನಾಲ್ಕು ದಿನ ಇದ್ದಳು, ಹೆಸರಿಟ್ಟಿರಲಿಲ್ಲ ಎಂದು ಬರೆ.

ಪಾಲಮ್ಮ